ಮಗ ಹಚ್ಚೆ ಕೇಳಿದಾಗ



ತೀರಿಹೋದ ಅಮ್ಮಿಯ ಹೆಸರನ್ನು ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತೇನೆಂದು 10ನೇ ತರಗತಿಯ ಹುಡುಗನೊಬ್ಬ ಹಟ ಹಿಡಿದಿದ್ದ. ‘ಹರಾಂ’ ಎಂದು ಗದರಿ ಅವನ ಅಬ್ಬಾ ಮಾತು ಮುಗಿಸಿದ್ದರು. ಹದೀಸಿನಲ್ಲಿ ಹಚ್ಚೆಗೆ ನಿಷೇಧವಿರುವುದು ನಿಜ. ಆದರೆ ತಾಯಿಯಿಲ್ಲದ ಹುಡುಗನಿಗೆ ಅಷ್ಟು ಹೇಳಿದರೆ ಸಾಕೇ?

ನಾನು ಅವನಿಗೆ ಚರ್ಮದ ವಿಷಯ ಹೇಳಿದೆ. ಮೆಹಂದಿ ಹೊರಪದರದ್ದು, ಎರಡು ಮೂರು ವಾರದಲ್ಲಿ ಮಾಸುತ್ತದೆ. ಹಚ್ಚೆಯ ಶಾಯಿ ಒಳಪದರಕ್ಕೆ ಇಳಿದು ನಿಲ್ಲುತ್ತದೆ. ಲೇಸರ್‌ನಿಂದ ಅಳಿಸಲು ಹಲವು ಸಲ ಹೋಗಬೇಕು, ಆಗಲೂ ಕಲೆ ಉಳಿಯಬಹುದು. ಸೂಜಿ ಶುದ್ಧವಿಲ್ಲದಿದ್ದರೆ ಹೆಪಟೈಟಿಸ್ ಬಿ, ಸಿ ತಗಲುವ ಭಯ ಬೇರೆ.

ಪೋಷಕರೇ, ನನ್ನ ಸಲಹೆಯೂ ಬೇಡವೆಂದೇ. ಆದರೆ ಗದರುವ ಮೊದಲು ಏಕೆಂದು ಕೇಳಿ. ಆ ಹುಡುಗ ಈಗ ನನ್ನ ಬಳಿ ನಸ್ತಾಲೀಕ್ ಬರವಣಿಗೆ ಕಲಿಯುತ್ತಿದ್ದಾನೆ. ಅಮ್ಮಿಯ ಹೆಸರಿನ ಮೊದಲ ಅಕ್ಷರ ಇನ್ನೂ ಸೊಟ್ಟಗೇ ಬರುತ್ತಿದೆ.