ಮುಂಬಯಿಗೆ ಹೋದಾಗ ಬಿಡಾರವೆಲ್ಲಿ?

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ನುಡಿಯ ಹಿರಿಮೆಯನ್ನೂ ನಾಡಿನ ಇತಿಹಾಸವನ್ನೂ ಕುರಿತು ಮಾತನಾಡುವುದು ವಾಡಿಕೆ. ಅದಕ್ಕೆ ನನಗಿಂತ ಅರ್ಹರಾದವರು ಈ ಸಭೆಯಲ್ಲಿದ್ದಾರೆ. ನಾನು ಎತ್ತಿಕೊಂಡಿರುವುದು ಮನೆವಾರ್ತೆಗೆ ಸೇರಿದ ಒಂದು ವಿಷಯ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಕುಟುಂಬಗಳು ಮುಂಬಯಿಗೆ ಹೋಗಬೇಕಾದಾಗ ಆ ಮಹಾನಗರದ ಯಾವ ಭಾಗದಲ್ಲಿ ಇಳಿದುಕೊಳ್ಳಬೇಕು ಎಂಬುದೇ ಆ ವಿಷಯ. ಇದು ಸಣ್ಣದೆಂದು ತೋರಬಹುದು. ಆದರೆ ರೋಗಿಯ ಮೈಯಲ್ಲಿ ಉಳಿದಿರುವ ಶಕ್ತಿ, ವಿದ್ಯಾರ್ಥಿಯ ಪರೀಕ್ಷೆ, ಸಾಲ ಮಾಡಿ ತಂದ ಹಣ, ಇವೆಲ್ಲ ಎಷ್ಟೋ ವೇಳೆ ಈ ಒಂದು ನಿರ್ಧಾರವನ್ನೇ ನಂಬಿಕೊಂಡಿರುತ್ತವೆ.

ಸಾಮಾನ್ಯವಾಗಿ ನಾವು ಬಿಡಾರವನ್ನು ಆರಿಸುವ ರೀತಿ ಮೂರು ಬಗೆಯದು. ನೆಂಟರಿದ್ದರೆ ಅವರ ಮನೆ. ನೆಂಟರಿಲ್ಲದಿದ್ದರೆ ಬಾಡಿಗೆ ಎಲ್ಲಿ ಕಡಿಮೆಯೋ ಅಲ್ಲಿ. ಅದೂ ತಿಳಿಯದಿದ್ದರೆ ಗಾಡಿಯಿಂದಿಳಿದ ಮೇಲೆ ಯಾರಾದರೂ ತೋರಿಸಿದ ಕಡೆ. ಈ ಮೂರರಲ್ಲಿಯೂ ಒಂದು ಪ್ರಶ್ನೆ ಬಿಟ್ಟುಹೋಗುತ್ತದೆ. ನಾವು ಹೋಗುತ್ತಿರುವ ಕೆಲಸ ಆ ನಗರದ ಯಾವ ಮೂಲೆಯಲ್ಲಿದೆ? ಬಿಡಾರವನ್ನು ಗೊತ್ತುಮಾಡಬೇಕಾದುದು ಕೆಲಸವೇ ಹೊರತು ಬಾಡಿಗೆಯಲ್ಲ. ನಾನು ಈ ಹೊತ್ತು ಹೇಳಬೇಕೆಂದಿರುವುದರ ಸಾರವೆಲ್ಲ ಇಷ್ಟೇ.

ಅದಕ್ಕೂ ಮೊದಲು ಇನ್ನೊಂದನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ಕೆಲಸಕ್ಕೆ ಮುಂಬಯಿಗೇ ಹೋಗಬೇಕೆ? ಉಚ್ಚ ನ್ಯಾಯಾಲಯದ ವ್ಯಾಜ್ಯಕ್ಕಾಗಿ ನಮ್ಮವರು ತಲೆಮಾರುಗಳ ಕಾಲ ಮುಂಬಯಿಯ ಫೋರ್ಟಿಗೆ ಅಲೆದರು. 2025ರ ಆಗಸ್ಟ್ 18ರಿಂದ ಮುಂಬಯಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠವು ಕೊಲ್ಹಾಪುರದಲ್ಲಿ ಕೆಲಸ ಮಾಡತೊಡಗಿದೆ. ಸೊಲ್ಲಾಪುರ ಮತ್ತು ಸಾಂಗಲಿ ಜಿಲ್ಲೆಗಳು ಅದರ ವ್ಯಾಪ್ತಿಗೆ ಸೇರಿವೆ. ಕ್ಯಾನ್ಸರಿನ ಚಿಕಿತ್ಸೆಯ ಮಾತಿನಲ್ಲಿಯೂ ಹಾಗೆಯೇ. ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಅವರ ಹೆಸರಿನ ಕ್ಯಾನ್ಸರ್ ಆಸ್ಪತ್ರೆಯಿದೆ. ಮುಂಬಯಿಯ ವೈದ್ಯರು ಬರೆದುಕೊಟ್ಟ ಚಿಕಿತ್ಸೆಯಲ್ಲಿ ಯಾವ ಭಾಗವನ್ನು ನಮ್ಮ ಊರ ಬಳಿಯಲ್ಲಿಯೇ ಮಾಡಿಸಿಕೊಳ್ಳಬಹುದು ಎಂದು ಅವರನ್ನೇ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ.

ಇನ್ನು, ಹೋಗಲೇಬೇಕಾದವರ ಮಾತು. ಮುಂಬಯಿಯ ಆಕಾರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕಷ್ಟ ಪರಿಹಾರವಾದಂತೆ. ನಮ್ಮ ಊರುಗಳು ನಡುವೆ ಪೇಟೆ, ಸುತ್ತಲೂ ಕೇರಿಗಳು ಎಂಬಂತೆ ದುಂಡಗೆ ಬೆಳೆದಿವೆ. ಮುಂಬಯಿ ಹಾಗಲ್ಲ. ಅದು ಸಮುದ್ರದೊಳಕ್ಕೆ ಚಾಚಿದ ತೋಳಿನಂತೆ ದಕ್ಷಿಣೋತ್ತರವಾಗಿ ಉದ್ದಕ್ಕೆ ಹಬ್ಬಿದೆ. ತುದಿಬೆರಳಿನ ಕಡೆ ಫೋರ್ಟ್, ಮೊಣಕೈಯ ಕಡೆ ದಾದರ, ಭುಜದ ಕಡೆ ಒಂದು ಪಕ್ಕಕ್ಕೆ ಬೋರಿವಲಿ, ಇನ್ನೊಂದು ಪಕ್ಕಕ್ಕೆ ಠಾಣೆ ಮತ್ತು ಕಲ್ಯಾಣ. ಈ ಉದ್ದಕ್ಕೂ ರೇಲ್ವೆಯ ಮೂರು ದಾರಿಗಳು ಓಡುತ್ತವೆ. ಚರ್ಚಗೇಟಿನಿಂದ ಹೊರಡುವ ಪಶ್ಚಿಮದ ದಾರಿ ಒಂದು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಿಂದ ಕಲ್ಯಾಣದ ಕಡೆಗೆ ಹೋಗುವ ಮಧ್ಯದ ದಾರಿ ಎರಡನೆಯದು. ಅಲ್ಲಿಂದಲೇ ಹೊರಟು ಪನವೇಲಿನ ಕಡೆಗೆ ಸಾಗುವ ಹಾರ್ಬರ್ ದಾರಿ ಮೂರನೆಯದು. ಪಶ್ಚಿಮ ಮತ್ತು ಮಧ್ಯದ ದಾರಿಗಳು ದಾದರದಲ್ಲಿ ಸಂಧಿಸುತ್ತವೆ. 2025ರ ಅಕ್ಟೋಬರಿನಿಂದ ಆರೆಯಿಂದ ಕಫ್ ಪರೇಡಿನವರೆಗೆ ನೆಲದಡಿಯ ಮೆಟ್ರೋ ಕೂಡ ಪೂರ್ತಿಯಾಗಿ ನಡೆಯುತ್ತಿದೆ.

ಆದುದರಿಂದ ಈ ನಗರದಲ್ಲಿ ದೂರವನ್ನು ಕಿಲೋಮೀಟರುಗಳಿಂದ ಅಳೆಯಬಾರದು. ಎಷ್ಟು ಸಲ ಗಾಡಿ ಬದಲಿಸಬೇಕು, ಎಷ್ಟು ಮೆಟ್ಟಿಲು ಹತ್ತಬೇಕು ಎಂಬುದರಿಂದ ಅಳೆಯಬೇಕು. ಒಂದೇ ದಾರಿಯ ಮೇಲೆ ಹತ್ತು ಕಿಲೋಮೀಟರು ಕುಳಿತು ಹೋಗುವುದು ಸುಲಭ. ಎರಡು ದಾರಿಗಳ ನಡುವಣ ಮೂರು ಕಿಲೋಮೀಟರು, ಸೇತುವೆ ಹತ್ತಿ ಇಳಿದು ಜನಜಂಗುಳಿಯಲ್ಲಿ ನುಗ್ಗಬೇಕಾದವನಿಗೆ, ಅದಕ್ಕಿಂತ ಕಠಿಣ. ವಿಳಾಸದಲ್ಲಿ ಪೂರ್ವ, ಪಶ್ಚಿಮ ಎಂದು ಬರೆದಿರುವುದನ್ನು ಅಲಕ್ಷಿಸಬೇಡಿರಿ. ಅವು ರೇಲ್ವೆ ಹಳಿಯ ಈಚೆ ಮತ್ತು ಆಚೆ. ಮಾಟುಂಗಾ ಎಂಬ ಒಂದೇ ಬಡಾವಣೆಗೆ ಮಧ್ಯದ ದಾರಿಯಲ್ಲಿ ಮಾಟುಂಗಾ, ಪಶ್ಚಿಮದ ದಾರಿಯಲ್ಲಿ ಮಾಟುಂಗಾ ರೋಡ್, ಹಾರ್ಬರ್ ದಾರಿಯಲ್ಲಿ ಕಿಂಗ್ಸ್ ಸರ್ಕಲ್ ಎಂದು ಮೂರು ಸ್ಟೇಷನ್ನುಗಳಿವೆ. ಹೆಸರನ್ನಷ್ಟೇ ಕೇಳಿ ಇಳಿದವನು ಸುತ್ತಾಡಬೇಕಾಗುತ್ತದೆ.

ಕೆಲಸದ ಲೆಕ್ಕದಿಂದ ನೋಡೋಣ. ಸರಕಾರಿ ಕಚೇರಿ, ಮಂತ್ರಾಲಯ, ದೊಡ್ಡ ಬ್ಯಾಂಕುಗಳ ಕೆಲಸವಿದ್ದವರಿಗೆ ಟರ್ಮಿನಸ್ಸಿನ ಸುತ್ತಣ ಫೋರ್ಟ್ ಭಾಗವೇ ಅನುಕೂಲ. ಸೊಲ್ಲಾಪುರದಿಂದ ಸುಮಾರು 455 ಕಿಲೋಮೀಟರು ರಾತ್ರಿಯಿಡೀ ಪಯಣಿಸಿ ಇಳಿದವರು ಅಲ್ಲಿಯೇ ಮೈತೊಳೆದು ಕಚೇರಿಗೆ ನಡೆದು ಹೋಗಬಹುದು. ಪರೀಕ್ಷೆಗೆ ಹೋಗುವ ಹುಡುಗ ಹುಡುಗಿಯರು ಕೇಂದ್ರದ ವಿಳಾಸ ಕೈಗೆ ಬಂದ ಮೇಲೆಯೇ ಬಿಡಾರ ಗೊತ್ತುಮಾಡಬೇಕು. ವಿಶ್ವವಿದ್ಯಾಲಯದ ಹಳೆಯ ಕಟ್ಟಡ ಫೋರ್ಟಿನಲ್ಲಿದೆ. ಕನ್ನಡ ವಿಭಾಗವೂ ಸೇರಿದಂತೆ ಅನೇಕ ವಿಭಾಗಗಳು ಸಾಂತಾಕ್ರೂಜದ ಕಾಲಿನಾದಲ್ಲಿವೆ. ‘ಮುಂಬಯಿ ವಿಶ್ವವಿದ್ಯಾಲಯ’ ಎಂಬ ಹೆಸರು ಒಂದೇ ಆದರೂ ಎರಡಕ್ಕೂ ನಡುವೆ ಅರ್ಧ ನಗರವಿದೆ.

ನಮ್ಮ ಮನೆಗಳಿಂದ ಬಹು ಜನ ಹೋಗುವುದು ದವಾಖಾನೆಗಾಗಿ. 1926ರಲ್ಲಿ ಆರಂಭವಾದ ಕೆ.ಇ.ಎಂ. ಆಸ್ಪತ್ರೆ, 1941ರಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆ, ಇವೆರಡೂ ಪರೇಲಿನಲ್ಲಿವೆ. ಇಲ್ಲಿಗೆ ಹೋಗುವವರು ಪರೇಲ, ದಾದರ ಪೂರ್ವ, ಇವುಗಳ ಆಸುಪಾಸಿನಲ್ಲಿ ನೋಡಬೇಕು. ಸೊಲ್ಲಾಪುರದ ಗಾಡಿಯು ದಾದರದಲ್ಲಿ ನಿಲ್ಲುವುದಾದರೆ ಕೊನೆಯ ನಿಲ್ದಾಣದವರೆಗೆ ಹೋಗಿ ಹಿಂದಿರುಗುವ ಕಾರಣವಿಲ್ಲ. ದಾದರದಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆಯು ಕ್ಯಾನ್ಸರ್ ರೋಗಿಗಳಿಗೂ ಅವರ ಜೊತೆಗಾರರಿಗೂ ಆಶ್ರಯ ಕೊಡುತ್ತ ಬಂದಿದೆ. ಇಂಥ ಧರ್ಮಶಾಲೆಗಳಲ್ಲಿ ಸಾಮಾನ್ಯವಾಗಿ ದವಾಖಾನೆಯ ಕಾಗದ ಬೇಕಾಗುತ್ತದೆ. ಆದುದರಿಂದ ಮೊದಲ ದಿನವೇ ದವಾಖಾನೆಯ ಸಮಾಜಸೇವಾ ವಿಭಾಗವನ್ನು ಕಂಡು ವಸತಿಯ ಮಾತೆತ್ತಬೇಕು. ಹಣ ತೀರಿದ ಮೇಲೆ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ. ಟಾಟಾ ಸಂಸ್ಥೆಯ ಇನ್ನೊಂದು ದೊಡ್ಡ ಕೇಂದ್ರ ಕೊಲ್ಲಿಯ ಆಚೆ, ನವಿ ಮುಂಬಯಿಯ ಖಾರಘರದಲ್ಲಿದೆ. ಕಾಗದದಲ್ಲಿ ಯಾವ ಕೇಂದ್ರವೆಂದು ಬರೆದಿದೆ ಎಂಬುದನ್ನು ಊರಿನಲ್ಲಿಯೇ ಓದಿಸಿಕೊಳ್ಳಿರಿ. ಖಾರಘರದ ಚಿಕಿತ್ಸೆಗೆ ದಾದರದಲ್ಲಿ ಕೋಣೆ ಹಿಡಿದರೆ ದಿನದಿನವೂ ರೋಗಿಯನ್ನು ನಗರದ ಅಡ್ಡಕ್ಕೂ ಸಾಗಿಸಬೇಕಾದೀತು.

ಜನಸಂದಣಿಗೂ ಒಂದು ದಿಕ್ಕಿದೆ. ಬೆಳಗ್ಗೆ ಅದು ಉತ್ತರದಿಂದ ದಕ್ಷಿಣಕ್ಕೆ ಇಳಿಯುತ್ತದೆ, ಸಂಜೆ ದಕ್ಷಿಣದಿಂದ ಉತ್ತರಕ್ಕೆ ಏರುತ್ತದೆ. ಕೆಲಸದ ಸ್ಥಳಕ್ಕಿಂತ ಉತ್ತರದಲ್ಲಿ ಬಿಡಾರ ಮಾಡಿದವನು ಎರಡು ಹೊತ್ತೂ ಆ ಪ್ರವಾಹದೊಡನೆ ನುಗ್ಗಬೇಕು. ದಕ್ಷಿಣದಲ್ಲಿ ಮಾಡಿದವನಿಗೆ ಗಾಡಿಯಲ್ಲಿ ಕೂಡಲು ಜಾಗ ಸಿಕ್ಕುವ ಸಂಭವ ಹೆಚ್ಚು. ಮಳೆಗಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2005ರ ಜುಲೈ 26ರಂದು ಸಾಂತಾಕ್ರೂಜದಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಬಿದ್ದು ಗಾಡಿಗಳೆಲ್ಲ ನಿಂತುಹೋದವು. ಅಷ್ಟು ದೊಡ್ಡ ಮಳೆ ಅಪರೂಪವಾದರೂ, ಪರೇಲ ದಾದರಗಳ ನಡುವಣ ಹಿಂದಮಾತಾ, ಮಾಟುಂಗಾದ ಕಿಂಗ್ಸ್ ಸರ್ಕಲ್ ಮುಂತಾದ ತಗ್ಗಿನ ಜಾಗಗಳಲ್ಲಿ ಜೋರು ಮಳೆಗೆ ನೀರು ನಿಲ್ಲುವುದುಂಟು. ಜೂನಿನಿಂದ ಸೆಪ್ಟೆಂಬರಿನವರೆಗೆ, ನಡೆದು ತಲಪಬಹುದಾದ ಬಿಡಾರಕ್ಕೆ ಸ್ವಲ್ಪ ಹೆಚ್ಚು ಬಾಡಿಗೆ ತೆತ್ತರೂ ನಷ್ಟವಿಲ್ಲ.

ಈಗ ನಮಗೆ ಹತ್ತಿರವಾದ ಪ್ರಶ್ನೆ. ‘ನಮ್ಮ ಮಾತಾಡುವವರ ನಡುವೆ ಇಳಿದುಕೊಳ್ಳಬಾರದೇಕೆ?’ ಎಂದು ಹಿರಿಯರು ಕೇಳುತ್ತಾರೆ. ಈ ಆಸೆ ಸಹಜವಾದುದು. ಮಾಟುಂಗಾದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ. 1933ರಲ್ಲಿ ಸ್ಥಾಪಿತವಾದ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರವೂ ಆ ಕಡೆಯೇ ಇದೆ. ಸ್ಟೇಷನ್ನಿನೆದುರು 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಎಲೆಯೂಟ ದೊರೆಯುತ್ತದೆ. ವಡಾಳದಲ್ಲಿ ಕನ್ನಡಿಗರು ಕಟ್ಟಿದ ಶಾಲೆಯಿದೆ. ಕನ್ನಡದ ಕಿವಿಗೆ ಇಲ್ಲಿ ಸಮಾಧಾನ ಸಿಗುವುದು ನಿಜ.

ಆದರೂ ನನ್ನ ಅಭಿಪ್ರಾಯ ಬೇರೆ. ಚಿಕಿತ್ಸೆಯ ಕೋಣೆಯಲ್ಲಿ ಮುದುಕಿಯೊಬ್ಬಳು ಒಂಟಿಯಾಗಿ ಕುಳಿತಾಗ, ಎಲ್ಲಿ ನೋಯುತ್ತದೆ ಎಂದು ಹೇಳಲು ಅವಳಿಗೆ ಕನ್ನಡ ಬೇಕಾಗುತ್ತದೆ. ನೆರೆಹೊರೆಯ ಕನ್ನಡ ಆ ಕೋಣೆಯೊಳಕ್ಕೆ ಬರುವುದಿಲ್ಲ. ಜೊತೆಗೆ ಹೋದವರ ಕನ್ನಡ ಬರುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎಂದು ಬಾಳಿದ ಗಡಿನಾಡಿನವರಾದ ನಮಗೆ ಈ ವಿಷಯದಲ್ಲಿ ಒಂದು ಸೌಕರ್ಯವಿದೆ. ಎರಡೂ ಭಾಷೆಗಳನ್ನು ಬಲ್ಲ ಒಬ್ಬ ಮಗಳೋ ಸೊಸೆಯೋ ಮೊಮ್ಮಗನೋ ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಇರುತ್ತಾರೆ. ಹಣ ಹಿಡಿಯುವವರೇ ಜೊತೆಗೆ ಹೋಗಬೇಕೆಂಬ ರೂಢಿಯನ್ನು ಸಡಿಲಿಸಿ, ರೋಗಿಯ ಮಾತನ್ನು ವೈದ್ಯರಿಗೂ ವೈದ್ಯರ ಮಾತನ್ನು ರೋಗಿಗೂ ತಿಳಿಸಬಲ್ಲವರನ್ನು ಕಳಿಸಿರಿ. ಬಿಡಾರ ಕೆಲಸದ ಬಳಿ ಇರಲಿ. ಭಾಷೆ ನಮ್ಮ ಜೊತೆಯಲ್ಲಿ ಬರಲಿ.

ನೆಂಟರ ವಿಷಯ ಸೂಕ್ಷ್ಮವಾದುದು. ಕಲ್ಯಾಣದಲ್ಲಿಯೋ ಡೊಂಬಿವಲಿಯಲ್ಲಿಯೋ ಇರುವ ಅಣ್ಣನ ಮನೆಯನ್ನು ಬಿಟ್ಟು ಲಾಡ್ಜಿನಲ್ಲಿ ಇಳಿದರೆ ಅವನು ನೊಂದುಕೊಂಡಾನು ಎಂಬ ಅಂಜಿಕೆ ನಮಗೆ. ಆದರೆ ಕಲ್ಯಾಣದಿಂದ ಟರ್ಮಿನಸ್ಸಿಗೆ ಐವತ್ತು ಕಿಲೋಮೀಟರಿಗೂ ಮೇಲಾಗುತ್ತದೆ. ಒಂದೇ ಖೋಲಿಯ ಮನೆಯಲ್ಲಿ ಅವನ ಮಕ್ಕಳ ಓದಿಗೂ ಅತ್ತಿಗೆಯ ಕೆಲಸದ ವೇಳೆಗೂ ನಮ್ಮಿಂದ ತೊಡಕಾಗಬಹುದು. ಕೆಲಸದ ದಿನಗಳಲ್ಲಿ ಕೆಲಸದ ಬಳಿ ಇದ್ದು, ರವಿವಾರ ಅವನ ಮನೆಗೆ ಹೋಗಿ ಉಂಡು ಬಂದರೆ ಪ್ರೀತಿಯೂ ಉಳಿದೀತು, ಕೆಲಸವೂ ಆದೀತು. ಖಾರಘರಕ್ಕೋ ಠಾಣೆಗೋ ಹೋಗುವ ಕೆಲಸವಾದರೆ ಅವನ ಮನೆಯೇ ಹತ್ತಿರವಾಗಬಹುದು. ಆಗ ಸಂತೋಷವಾಗಿ ಇಳಿದುಕೊಳ್ಳಿರಿ.

ಕೋಣೆಗೆ ಹಣ ಕೊಡುವ ಮೊದಲು ನಾಲ್ಕು ಮಾತು ಕೇಳಬೇಕು. ದಿನವನ್ನು ಎಷ್ಟು ಗಂಟೆಯಿಂದ ಎಣಿಸುತ್ತಾರೆ? ನಸುಕಿನಲ್ಲಿ ಇಳಿದವರು ಮಧ್ಯಾಹ್ನಕ್ಕೇ ಎರಡನೆಯ ದಿನದ ಬಾಡಿಗೆ ತೆರಬೇಕಾದ ಪ್ರಸಂಗ ಬರಬಾರದು. ಲಿಫ್ಟ್ ಇದೆಯೇ, ಇದ್ದರೆ ನಡೆಯುತ್ತದೆಯೇ? ನೀರು ಯಾವ ಹೊತ್ತಿನಲ್ಲಿ ಬರುತ್ತದೆ? ರೋಗಿಗೆ ಗಂಜಿ ಕಾಯಿಸಿಕೊಳ್ಳಲು ಅವಕಾಶವಿದೆಯೇ? ಮುಂಗಡ ಕೊಟ್ಟರೆ ರಸೀದಿ ಪಡೆಯಿರಿ. ಸ್ಟೇಷನ್ನಿನಲ್ಲಿಯೂ ದವಾಖಾನೆಯ ಬಾಗಿಲಿನಲ್ಲಿಯೂ ತಾವಾಗಿಯೇ ಬಂದು ಚೀಲ ಎತ್ತಿಕೊಳ್ಳುವವರಿಗೆ ಕೈ ಮುಗಿದು ಮುಂದೆ ನಡೆಯಿರಿ.

ಕೊನೆಯದಾಗಿ ಸಂಘಕ್ಕೆ ಒಂದು ಬಿನ್ನಹ. ನಮ್ಮ ವಾಚನಾಲಯದ ಮೇಜಿನ ಮೇಲೆ ಒಂದು ದಪ್ಪ ವಹಿಯನ್ನು ಇಡೋಣ. ಮುಂಬಯಿಯಿಂದ ಮರಳಿದ ಪ್ರತಿಯೊಬ್ಬರೂ ಅದರಲ್ಲಿ ತಾವು ಯಾವ ಕೆಲಸಕ್ಕೆ ಹೋಗಿದ್ದರು, ಎಲ್ಲಿ ಇಳಿದಿದ್ದರು, ಅಲ್ಲಿಂದ ಕೆಲಸದ ಜಾಗಕ್ಕೆ ನಡೆದರೆ ಎಷ್ಟು ಹೊತ್ತು, ಬಾಡಿಗೆ ಎಷ್ಟು, ಯಾವ ತಿಂಗಳು ಯಾವ ವರ್ಷ, ಇಷ್ಟನ್ನು ಕನ್ನಡದಲ್ಲಿ ಬರೆದಿಡಲಿ. ನಾಳೆ ಕೈಯಲ್ಲಿ ವೈದ್ಯರ ಚೀಟಿ ಹಿಡಿದು ದಿಕ್ಕು ತೋಚದೆ ಬರುವ ಕುಟುಂಬಕ್ಕೆ ಆ ವಹಿಯ ಒಂದು ಪುಟವೇ ಆಧಾರವಾದೀತು. ಗಡಿಯಲ್ಲಿ ಕನ್ನಡವನ್ನು ಉಳಿಸುವ ಸಂಘದ ಕೆಲಸಗಳಲ್ಲಿ ಇದೂ ಒಂದೆಂದು ಭಾವಿಸಿ ಈ ವರ್ಷವೇ ಆರಂಭಿಸಬೇಕೆಂದು ಬೇಡಿಕೊಳ್ಳುತ್ತೇನೆ.