ಕಿವಿಗೆ ಬರುವ ಓಲೆ



ದೃಷ್ಟಿಯಿಲ್ಲದವರು ಅಂಗೈಯಲ್ಲಿನ ಫೋನಿನಿಂದ ಸಂದೇಶವನ್ನು ಕಳುಹಿಸುವುದೂ, ಬಂದ ಸಂದೇಶವನ್ನು ಪರದೆಯ ಮೇಲಿರುವುದನ್ನು ಓದಿಹೇಳುವ ಸ್ಕ್ರೀನ್ ರೀಡರಿನ ನೆರವಿನಿಂದ ಅನ್ಯರ ಹಂಗಿಲ್ಲದೆ ಓದಿಕೊಳ್ಳುವುದೂ ಹೇಗೆ, ಆ ಕಾರ್ಯದಲ್ಲಿ ನಮ್ಮ ಭಾಷೆಯೂ ಲಿಪಿಯೂ ಎಲ್ಲಿ ಒದಗಿಬರುತ್ತವೆ, ಎಲ್ಲಿ ಕೈಬಿಡುತ್ತವೆ ಎಂಬುದನ್ನು ವಿಚಾರಮಾಡತಕ್ಕ ಸಂಕಿರಣವೊಂದನ್ನು ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ನಡೆಸದೆ ಆದವಾನಿಯಲ್ಲಿ ನಡೆಸಬೇಕೆಂದು ನಿಶ್ಚಯಿಸಿದವರ ವಿವೇಕವನ್ನು ನಾನು ಮೊದಲು ಅಭಿನಂದಿಸಬೇಕಾಗಿದೆ. ಈ ಪಟ್ಟಣವೂ ನೆರೆಯ ಆಲೂರೂ ಮದರಾಸಿನ ಆಡಳಿತಕಾಲದಲ್ಲಿ ಬಳ್ಳಾರಿ ಜಿಲ್ಲೆಗೆ ಸೇರಿದ್ದುವೆಂಬುದೂ, 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ಆ ಜಿಲ್ಲೆಯ ಹೆಚ್ಚಿನ ಭಾಗವು ಮೈಸೂರಿಗೆ ಬಂದು, ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದುವೆಂಬುದೂ ತಮಗೆಲ್ಲ ತಿಳಿದ ಸಂಗತಿಯೇ. ಅಂದಿನಿಂದ ಇಲ್ಲಿಯ ಅನೇಕ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ಹತ್ತಿಯ ಮಂಡಿಯಲ್ಲಿ ಇವೆರಡರೊಡನೆ ಉರ್ದುವೂ ಬೆರೆತ ಮಾತು. ಕಣ್ಣುಳ್ಳವನು ಈ ವೈವಿಧ್ಯವನ್ನು ಗಮನಕ್ಕೇ ತಂದುಕೊಳ್ಳದೆ ನಿಭಾಯಿಸಿಬಿಡುತ್ತಾನೆ; ಕಿವಿಯಿಂದ ಓದತಕ್ಕವನಿಗಾದರೋ, ಬಂದ ಸಂದೇಶ ಯಾವ ಲಿಪಿಯಲ್ಲಿದೆಯೆಂಬುದೇ ಮೊದಲನೆಯ ಪ್ರಶ್ನೆ. ರಾಜಧಾನಿಯ ಪ್ರಯೋಗಾಲಯಗಳಿಗೆ ಅಪರೂಪವಾದ ತೊಡಕುಗಳು ಕೌತಾಳದಲ್ಲಿ, ಹೊಳಗುಂದದಲ್ಲಿ, ಕೋಸಿಗಿಯಲ್ಲಿ ನಿತ್ಯದ ಅನುಭವಗಳಾಗಿವೆ.

ಕಿವಿಯಿಂದ ಗ್ರಹಿಸುವ ವಿದ್ಯೆ ಈ ಸೀಮೆಗೆ ಹೊಸದೇನೂ ಅಲ್ಲ. ಇಲ್ಲಿಗೆ ಬಹುದೂರವಲ್ಲದ ಚಿಪ್ಪಗಿರಿಯಲ್ಲಿ ನೆಲಸಿದ್ದ ವಿಜಯದಾಸರ ಸುಳಾದಿಗಳು ತಲೆಮಾರುಗಳ ಕಾಲ ಕಂಠದಿಂದ ಕಂಠಕ್ಕೆ ಹರಿದುಬಂದುವು. ಪಶ್ಚಿಮಕ್ಕೆ ಹೋದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ದೃಷ್ಟಿಯಿಲ್ಲದ ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದು, ಅವರನ್ನು ಭಿಕ್ಷಾಟನೆಯ ದೈನ್ಯದಿಂದ ಕಲಾವಿದರ ಗೌರವಕ್ಕೆ ಏರಿಸಿದ ಚರಿತ್ರೆ ನಮ್ಮೆದುರಿಗಿದೆ. ಆದರೆ ಹಾಡು ಸಭೆಗೆಲ್ಲ ಸೇರಿದ್ದು; ಕಾಗದ ಒಬ್ಬನಿಗೆ ಮಾತ್ರ ಸೇರಿದ್ದು. ಅಂಧನಾದವನಿಗೆ ಬಂದ ಕಾಗದವನ್ನು ಅಂಚೆಯವನೋ ನೆರೆಮನೆಯ ಹುಡುಗನೋ ಗಟ್ಟಿಯಾಗಿ ಓದಿಹೇಳಬೇಕಾಗಿತ್ತು. ತವರಿನ ಕಷ್ಟ, ಸಾಲದ ಮೊತ್ತ, ಹೆಣ್ಣು ನೋಡಿಹೋದವರ ಅಭಿಪ್ರಾಯ, ಇವೆಲ್ಲ ಸ್ವೀಕರಿಸಬೇಕಾದವನ ಕಿವಿಗೆ ಬೀಳುವುದಕ್ಕೆ ಮುಂಚೆಯೇ ಓದಿದವನ ಸ್ವತ್ತಾಗುತ್ತಿದ್ದುವು. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ರೂಪುಗೊಂಡಾಗ ಶಾಲೆಗೆ ಹೋಗುವ ಅಂಧ ಮಗುವಿಗೆ ಪುಸ್ತಕದ ಬಾಗಿಲು ತೆರೆಯಿತು. ಅದರ ಮಹತ್ತ್ವವನ್ನು ಎಷ್ಟು ಹೇಳಿದರೂ ಸಾಲದು. ಆದರೂ ಚುಕ್ಕೆಗಳನ್ನು ಬಲ್ಲ ಇಬ್ಬರ ನಡುವೆ ಮಾತ್ರ ಸಾಗುತ್ತಿದ್ದ ಪತ್ರವ್ಯವಹಾರ ಅದು. ತಾಯಿ ಬರೆದದ್ದನ್ನು ಮಗನೂ, ಮಗ ಬರೆದದ್ದನ್ನು ತಾಯಿಯೂ ನಡುವೆ ಮೂರನೆಯವರಿಲ್ಲದೆ ಓದುವ ಅವಕಾಶ ನಮ್ಮ ಜನಸಾಮಾನ್ಯರಿಗೆ ದೊರೆತದ್ದು ಈ ಫೋನುಗಳಿಂದ. ನಾನಿಂದು ಹೇಳಬೇಕೆಂದಿರುವುದೆಲ್ಲ ಈ ಏಕಾಂತದ ಹಕ್ಕಿನ ಸುತ್ತ ಇದೆ. ಯಂತ್ರವು ಅದನ್ನು ಅರ್ಧ ಮಾತ್ರ ಒದಗಿಸಿಕೊಟ್ಟಿದೆ; ಉಳಿದರ್ಧವು ಸಂದೇಶವನ್ನು ಬರೆಯತಕ್ಕವರ ಕೈಯಲ್ಲಿದೆ.

2009ನೆಯ ಇಸವಿ ಈ ಚರಿತ್ರೆಯಲ್ಲಿ ಸ್ಮರಣೀಯವಾದದ್ದು. ಆ ವರ್ಷವೇ ಐಫೋನಿನಲ್ಲಿ ಸ್ಕ್ರೀನ್ ರೀಡರಾದ ವಾಯ್ಸ್‌ಓವರ್ ಬಂದಿತು; ಆ ವರ್ಷವೇ ಆಂಡ್ರಾಯ್ಡ್ ಫೋನುಗಳಲ್ಲಿ ಅಂಥದೇ ಸಾಧನವಾದ ಟಾಕ್‌ಬ್ಯಾಕ್ ಬಂದಿತು. ಆಂಡ್ರಾಯ್ಡನ್ನು ಕಣ್ಣಿನ ನೆರವಿಲ್ಲದೆ ಬಳಸುವಂತೆ ಮಾಡುವ ಕಾರ್ಯದಲ್ಲಿ ಮುಂದಾಳಾಗಿ ದುಡಿದವರಲ್ಲಿ ಪುಣೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ವಿಜ್ಞಾನಿ ಟಿ.ವಿ. ರಾಮನ್ ಅವರೂ ಒಬ್ಬರೆಂಬುದನ್ನು ಈ ಸಭೆಯಲ್ಲಿರುವ ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅನಂತರ ಕನ್ನಡದ ಕೃತಕ ಧ್ವನಿಗಳು ಬಂದುವು. 2017ರ ಆಗಸ್ಟಿನಲ್ಲಿ ಗೂಗಲ್ ಸಂಸ್ಥೆಯು ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯವನ್ನು ಕನ್ನಡಕ್ಕೂ ತೆಲುಗಿಗೂ ವಿಸ್ತರಿಸಿತು.

ಸ್ಕ್ರೀನ್ ರೀಡರಿನ ಬಳಕೆಯನ್ನು ಕಂಡರಿಯದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಟಾಕ್‌ಬ್ಯಾಕ್ ಚಾಲನೆಯಲ್ಲಿರುವಾಗ ಪರದೆಯನ್ನು ಮುಟ್ಟಿದ ಮಾತ್ರಕ್ಕೆ ಯಾವುದೂ ತೆರೆದುಕೊಳ್ಳುವುದಿಲ್ಲ. ಬೆರಳ ಕೆಳಗೆ ಏನಿದೆಯೆಂಬುದನ್ನು ಯಂತ್ರ ಹೇಳುತ್ತದೆ. ಬೆರಳನ್ನು ಬಲಕ್ಕೆ ಜಾರಿಸಿದರೆ ಮುಂದಿನ ಸಂಗತಿ, ಎಡಕ್ಕೆ ಜಾರಿಸಿದರೆ ಹಿಂದಿನದು. ಬೇಕಾದದ್ದು ಕೇಳಿಸಿದಾಗ ಪರದೆಯ ಯಾವ ಭಾಗದಲ್ಲಾದರೂ ಎರಡು ಸಲ ತಟ್ಟಿದರೆ ಅದು ತೆರೆಯುತ್ತದೆ. ವಾಟ್ಸಾಪಿನಲ್ಲಿ ಒಂದು ಮೆಸೇಜಿನ ಮೇಲೆ ನಿಂತರೆ ಕಳುಹಿಸಿದವರ ಹೆಸರು, ಒಕ್ಕಣೆ, ಬಂದ ವೇಳೆ, ಇವು ಕೇಳಿಸುತ್ತವೆ. ಬರೆಯುವಾಗ ಕೀಲಿಮಣೆಯ ಮೇಲೆ ಬೆರಳನ್ನು ಸವರುತ್ತ ಹೋಗಿ, ಬೇಕಾದ ಅಕ್ಷರದ ಹೆಸರು ಕೇಳಿದೊಡನೆ ಬೆರಳನ್ನೆತ್ತಿದರೆ ಆ ಅಕ್ಷರ ಮೂಡುತ್ತದೆ. ನಮ್ಮ ಲಿಪಿಯ ಒಂದು ಗುಣವನ್ನು ಇಲ್ಲಿ ಹೇಳಲೇಬೇಕು. ‘ಧರ್ಮ’ ಎಂಬ ಶಬ್ದದಲ್ಲಿ ಕಣ್ಣಿಗೆ ಮಕಾರ ಮೊದಲು, ಅರ್ಕಾವತ್ತು ಅನಂತರ ಕಾಣುತ್ತದಷ್ಟೆ. ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡಿನ ಒಳಗಣ ದಾಖಲೆಯಲ್ಲಾದರೋ ರೇಫೆ ಮೊದಲು, ಮಕಾರ ಆಮೇಲೆ, ಅಂದರೆ ನಾಲಗೆ ನುಡಿಯುವ ಕ್ರಮದಲ್ಲಿಯೇ ಇದೆ. ಆದಕಾರಣ ಕಿವಿಯಿಂದ ಬರೆಯುವವನಿಗೆ ನಮ್ಮ ಕಾಗುಣಿತವು ಸಹಜವಾಗಿ ವಶವಾಗುತ್ತದೆ. ತಿದ್ದುವಾಗ ಮಾತ್ರ ಶ್ರಮ ಹೆಚ್ಚು: ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಬಿಡಿಸಿ ಕೇಳಹೊರಟರೆ ಸಕಾರ, ಹಲಂತ, ತಕಾರ, ಹಲಂತ, ರಕಾರ, ಈತ್ವ ಎಂದು ಆರು ಮೆಟ್ಟಲುಗಳನ್ನು ದಾಟಬೇಕಾಗುತ್ತದೆ.

ಇನ್ನು ಗಡಿನಾಡಿನ ವಿಶೇಷಕ್ಕೆ ಬರುತ್ತೇನೆ. ಕೌತಾಳದ ಕಡೆಯ ಯುವತಿಯೊಬ್ಬಳನ್ನು ನಾನು ಬಲ್ಲೆ. ಹುಟ್ಟಿನಿಂದಲೇ ದೃಷ್ಟಿಯಿಲ್ಲ, ಬುದ್ಧಿ ಬಹು ಚುರುಕು. ಮನೆಯಲ್ಲಿ ಕನ್ನಡ. ಅವಳ ತಮ್ಮನು ತೆಲುಗು ಮಾಧ್ಯಮದಲ್ಲಿ ಓದಿದವನಾದ್ದರಿಂದ ಅಕ್ಕನಿಗೆ ಬರೆಯುವಾಗ ಕನ್ನಡದ ಮಾತನ್ನೇ ತೆಲುಗು ಅಕ್ಷರಗಳಲ್ಲಿ ಬರೆಯುತ್ತಾನೆ. ‘ಅಕ್ಕಾ, ಅವ್ವಗ ಜ್ವರ ಬಂದೈತಿ, ಸಂಜಿಗೆ ಬರ್ತೀನಿ’ ಎಂಬಷ್ಟು ಸಾಲನ್ನು ಕಣ್ಣುಳ್ಳ ಯಾವ ಆದವಾನಿಯವನಾದರೂ ಎರಡು ಲಿಪಿಗಳಲ್ಲಿಯೂ ಒಂದೇ ಸಮನಾಗಿ ಓದಿಯಾನು, ಏಕೆಂದರೆ ಇವೆರಡೂ ಒಡಹುಟ್ಟಿದ ಲಿಪಿಗಳು. ಯಂತ್ರಕ್ಕೆ ಆ ಬಾಂಧವ್ಯ ಗೊತ್ತಿಲ್ಲ. ಅದು ಅಕ್ಷರದ ಆಕಾರವನ್ನು ನೋಡುವುದೇ ಇಲ್ಲ. ಅದಕ್ಕೆ ಕಾಣುವುದು ಅಕ್ಷರದ ಸಂಖ್ಯೆ ಮಾತ್ರ. ಕನ್ನಡ ಧ್ವನಿಯನ್ನು ಆರಿಸಿಟ್ಟಿದ್ದರೆ ತೆಲುಗು ಸಂಖ್ಯೆಗಳು ಬಂದಾಗ ಕೆಲವು ಧ್ವನಿಗಳು ಮೌನವಾಗಿ ದಾಟಿಬಿಡುತ್ತವೆ, ಕೆಲವು ಒಂದೊಂದೇ ಅಕ್ಷರವನ್ನು ಎಣಿಸಿದಂತೆ ಹೇಳುತ್ತವೆ, ಇನ್ನು ಕೆಲವು ತಾವಾಗಿಯೇ ತೆಲುಗಿನ ಧ್ವನಿಗೆ ತಿರುಗಿಕೊಳ್ಳುತ್ತವೆ. ಆ ಹುಡುಗಿ ಧ್ವನಿಯನ್ನು ತೆಲುಗಿಗೆ ಬದಲಾಯಿಸಿಕೊಂಡು, ತೆಲುಗಿನ ಏರಿಳಿತದಲ್ಲಿ ಉಚ್ಚರಿತವಾಗುವ ತಮ್ಮನ ಕನ್ನಡವನ್ನು ಕೇಳಿ, ಉತ್ತರ ಬರೆಯುವಾಗ ಮತ್ತೆ ಕನ್ನಡಕ್ಕೆ ಮರಳುತ್ತಾಳೆ. ಅವಳ ಜಾಣ್ಮೆ ದೊಡ್ಡದು. ಆದರೆ ತಾಯಿಗೆ ಜ್ವರ ಬಂದ ಸುದ್ದಿಯನ್ನು ತಿಳಿಯಲು ಒಬ್ಬಳು ಇಷ್ಟು ಜಾಣೆಯಾಗಿರಬೇಕೆಂಬ ನಿರ್ಬಂಧ ನ್ಯಾಯವಾದದ್ದಲ್ಲ.

ಪರಿಹಾರವು ದುಸ್ಸಾಧ್ಯವೆಂದು ನನಗೆ ತೋರುವುದಿಲ್ಲ. ಯೂನಿಕೋಡಿನಲ್ಲಿ ತೆಲುಗಿಗೆ 128 ಸ್ಥಾನಗಳು, ಅದರ ಬೆನ್ನಿಗೇ ಕನ್ನಡಕ್ಕೆ 128 ಸ್ಥಾನಗಳು. ಎರಡರ ವರ್ಣಮಾಲೆಯೂ ಬಹುಮಟ್ಟಿಗೆ ಒಂದೇ ಅನುಕ್ರಮದಲ್ಲಿ ಜೋಡಿಸಲ್ಪಟ್ಟಿದೆ. ತೆಲುಗಿನ ತಕಾರದ ಸಂಖ್ಯೆಗೆ 128ನ್ನು ಕೂಡಿಸಿದರೆ ಕನ್ನಡದ ತಕಾರ ದೊರೆಯುತ್ತದೆ. ಇಂಥ ಸಂದೇಶವನ್ನು ಕನ್ನಡ ಧ್ವನಿಗೆ ಒಪ್ಪಿಸುವ ಮುಂಚೆ ಈ ಸರಳವಾದ ಸಂಕಲನವನ್ನು ನಡೆಸುವುದು ಯಂತ್ರಕ್ಕೆ ಕ್ಷಣಾರ್ಧದ ಕೆಲಸ. ಒಂದು ಸಾಲು ತೆಲುಗು ಭಾಷೆಯೋ ತೆಲುಗು ಲಿಪಿಯಲ್ಲಿನ ಕನ್ನಡವೋ ಎಂಬುದನ್ನು ನಿರ್ಣಯಿಸುವುದು ಕಠಿನವಾಗಬಹುದು; ಆಗ ‘ಈ ವ್ಯಕ್ತಿಯಿಂದ ಬಂದದ್ದನ್ನು ಕನ್ನಡವೆಂದೇ ಓದು’ ಎಂದು ಬಳಸುವವರೇ ಒಮ್ಮೆ ಗೊತ್ತುಮಾಡಿಡುವ ಅವಕಾಶವಿದ್ದರೆ ಸಾಕು.

ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಬರೆಯುವ ರೂಢಿ ತೆಲುಗು ಲಿಪಿಯ ರೂಢಿಗಿಂತಲೂ ಕ್ಲೇಶಕರವಾದದ್ದು. ಅಲ್ಲಿ ದೀರ್ಘವಿಲ್ಲ, ಹ್ರಸ್ವವಿಲ್ಲ, ಮಹಾಪ್ರಾಣದ ನಿಶ್ಚಯವಿಲ್ಲ. ಬರೆದವರ ಮನಸ್ಸಿನ ಕನ್ನಡವನ್ನು ಯಂತ್ರವು ಇಂಗ್ಲಿಷ್ ಶಬ್ದಗಳೆಂದು ಬಗೆದು ಉಚ್ಚರಿಸುವಾಗ ಅದು ಯಾವ ಭಾಷೆಯೂ ಆಗದ ಒಂದು ಶಬ್ದಸಂದೋಹವಾಗಿ ಕಿವಿಗೆ ಬಡಿಯುತ್ತದೆ. ಎಮೋಜಿಗಳದೂ ಇಂಥದೇ ತೊಂದರೆ: ಕೈಮುಗಿದ ಹತ್ತು ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ, ಹಲವು ಫೋನುಗಳಲ್ಲಿ ಆ ಚಿತ್ರದ ಹೆಸರನ್ನು ಹತ್ತು ಸಲ ಕೇಳಿದ ಮೇಲೆಯೇ ಮುಂದಿನ ಮಾತು.

ಎಲ್ಲಕ್ಕಿಂತ ದೊಡ್ಡ ಅಡಚಣೆ ಅಕ್ಷರವನ್ನು ಚಿತ್ರವಾಗಿ ಕಳುಹಿಸುವುದು. ಮದುವೆಯ ಕರೆಯೋಲೆ, ಶಾಲೆಯ ಸುತ್ತೋಲೆ, ಮಂಡಿಯ ದಿನದ ದರ, ಉರುಕುಂದದ ಈರಣ್ಣಸ್ವಾಮಿಯ ಶ್ರಾವಣಮಾಸದ ಸೇವೆಯ ವಿವರ, ಯಾವುದನ್ನು ನೋಡಿದರೂ ಹಾಳೆಯ ಫೋಟೋ. ಸ್ಕ್ರೀನ್ ರೀಡರ್ ಅಲ್ಲಿ ‘ಫೋಟೋ’ ಎಂದು ಹೇಳಿ ಸುಮ್ಮನಾಗುತ್ತದೆ. ಇತ್ತೀಚೆಗೆ ಚಿತ್ರದೊಳಗಿನ ಅಕ್ಷರವನ್ನು ಓದುವ ಸಾಧನಗಳು ಬಂದಿರುವುದು ನಿಜ, ಮುದ್ರಿತವಾದ ನೇರ ಅಕ್ಷರಗಳನ್ನು ಅವು ಚೆನ್ನಾಗಿಯೇ ಓದುತ್ತವೆ. ಬಳ್ಳಿಬಳ್ಳಿಯಾದ ಅಲಂಕಾರದ ಅಕ್ಷರಗಳಲ್ಲಿ, ಓರೆಯಾಗಿ ಹಿಡಿದು ತೆಗೆದ ಚೀಟಿಗಳಲ್ಲಿ ಅವು ತಪ್ಪುವುದೂ ಅಷ್ಟೇ ನಿಜ. ದರದ ಚೀಟಿಯಲ್ಲಿ ಒಂದು ಅಂಕೆ ತಪ್ಪಿದರೆ ಏನಾಗುವುದೆಂದು ಹತ್ತಿಯ ವ್ಯಾಪಾರವನ್ನು ಬಲ್ಲ ಈ ಊರಿಗೆ ನಾನು ಹೇಳಬೇಕಾಗಿಲ್ಲ. ಚಿತ್ರದ ಕೆಳಗೆ ಅದೇ ವಿಷಯವನ್ನು ಎರಡು ಸಾಲು ಬರೆದುಬಿಟ್ಟರೆ ಈ ಸಂಕಟವೇ ಇರುವುದಿಲ್ಲ.

‘ಅವರಿಗೆ ವಾಯ್ಸ್ ಮೆಸೇಜ್ ಇದೆಯಲ್ಲ’ ಎಂದು ಸದ್ಭಾವದಿಂದಲೇ ಹೇಳುವವರುಂಟು. ಆ ಸೌಲಭ್ಯವು ಉಪಕಾರಿಯಾದದ್ದೇ: ಗುಂಡಿಯ ಮೇಲೆ ಎರಡು ಸಲ ತಟ್ಟಿ, ಎರಡನೆಯ ತಟ್ಟಿನಲ್ಲಿ ಬೆರಳನ್ನೆತ್ತದೆ ಹಿಡಿದು ಮಾತನಾಡಿ, ಬಿಟ್ಟೊಡನೆ ಮಾತು ಹೊರಟುಹೋಗುತ್ತದೆ, ಅವ್ವನ ಕೊರಳು ಅವ್ವನ ಕೊರಳಾಗಿಯೇ ಬರುತ್ತದೆ, ಅದರ ಬೆಲೆಯನ್ನು ಯಾವ ಕೃತಕ ಧ್ವನಿಯೂ ಕಟ್ಟಲಾರದು. ಆದರೆ ಐದು ನಿಮಿಷದ ಮಾತಿನಲ್ಲಿ ಅಡಗಿರುವ ಒಂದು ವಿಳಾಸವನ್ನು ಹುಡುಕಿ ತೆಗೆಯಲಾಗುವುದೆ? ಅದರೊಳಗಿನ ಖಾತೆಯ ಸಂಖ್ಯೆಯನ್ನು ನಕಲುಮಾಡಿ ಬೇರೆಡೆ ಇರಿಸಲಾಗುವುದೆ? ಅಂಧರನ್ನು ಧ್ವನಿಗೆ ಮಾತ್ರ ಮೀಸಲಾಗಿಸುವುದು ಅವರನ್ನು ಅಕ್ಷರಲೋಕದಿಂದ ಮತ್ತೊಮ್ಮೆ ಹೊರಗಿಟ್ಟಂತೆ. ಮಾತನ್ನು ಅಕ್ಷರಕ್ಕಿಳಿಸುವ ಸೌಲಭ್ಯಕ್ಕೂ ಈ ಸೀಮೆಯ ನುಡಿ ಇನ್ನೂ ಪೂರ್ಣವಾಗಿ ಒಲಿದಿಲ್ಲ. ‘ಹೋಗ್ಯಾರ’, ‘ಬಂದೈತಿ’ ಎಂಬ ನುಡಿಗಳು ಪುಸ್ತಕದ ಕನ್ನಡಕ್ಕೆ ಒಗ್ಗಿದ ಯಂತ್ರದ ಕೈಯಲ್ಲಿ ಮತ್ತೇನೋ ಆಗಿಬಿಡುವುದುಂಟು.

ಇದೆಲ್ಲವೂ ಕೇವಲ ಕುಶಲಪ್ರಶ್ನೆಯ ಸೌಕರ್ಯಕ್ಕಾಗಿ ಅಲ್ಲ. ಆಂಧ್ರಪ್ರದೇಶದ ಸರ್ಕಾರವು 2025ರ ಜನವರಿ 30ರಂದು ‘ಮನ ಮಿತ್ರ’ ಎಂಬ ಹೆಸರಿನಲ್ಲಿ 161 ಸೇವೆಗಳನ್ನು ವಾಟ್ಸಾಪಿನ ಮೂಲಕವೇ ಪ್ರಜೆಗಳಿಗೆ ಒದಗಿಸಲಾರಂಭಿಸಿತು. ಸರ್ಕಾರದ ಬಾಗಿಲು ಸಂದೇಶದ ಪೆಟ್ಟಿಗೆಯಾದ ಮೇಲೆ, ಆ ಪೆಟ್ಟಿಗೆಯನ್ನು ತೆರೆಯಲಾರದವನು ಪೌರತ್ವದ ಒಂದು ಭಾಗವನ್ನೇ ಕಳೆದುಕೊಳ್ಳುತ್ತಾನೆ. ಬ್ಯಾಂಕಿನಿಂದ ಬರುವ ಓಟಿಪಿಯ ಆರು ಅಂಕೆಗಳನ್ನು ಯಂತ್ರವು ‘ನಾಲ್ಕು ಲಕ್ಷದ ಎಪ್ಪತ್ತೆರಡು ಸಾವಿರದ…’ ಎಂದು ಒಂದೇ ಮೊತ್ತವಾಗಿ ಓದಿಬಿಟ್ಟರೆ, ಅಂಕೆ ಅಂಕೆಯಾಗಿ ಮತ್ತೆ ಕೇಳುವಷ್ಟರಲ್ಲಿ ಅವಧಿ ಮೀರುವುದುಂಟು. ಬಸ್ಸಿನಲ್ಲಿ ಕುಳಿತಾಗ ಇಯರ್‌ಫೋನ್ ಇಲ್ಲದಿದ್ದರೆ ಆ ಗುಟ್ಟು ಪಕ್ಕದವರಿಗೂ ಕೇಳಿಸುತ್ತದೆ. ತರಬೇತಿ ಕೊಡತಕ್ಕವರು ಕೈಸನ್ನೆಗಳನ್ನು ಕಲಿಸುವುದಕ್ಕೆ ಮುಂಚೆ ಇಯರ್‌ಫೋನನ್ನು ಕೈಗಿಡಬೇಕೆಂದು ನಾನು ಬೇಡುವುದು ಇದಕ್ಕಾಗಿಯೇ.

2011ರ ಜನಗಣತಿಯು ನಮ್ಮ ದೇಶದಲ್ಲಿ ದೃಷ್ಟಿದೋಷವುಳ್ಳವರನ್ನು ಸುಮಾರು 50 ಲಕ್ಷವೆಂದು ಎಣಿಸಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 42ನೆಯ ಪ್ರಕರಣವು ಮಾಹಿತಿಯೂ ಸಂಪರ್ಕಸಾಧನಗಳೂ ಅವರಿಗೆ ಎಟಕುವಂತಿರಬೇಕೆಂದು ವಿಧಿಸಿದೆ. 2025ರ ಏಪ್ರಿಲ್ 30ರಂದು ಸರ್ವೋಚ್ಚ ನ್ಯಾಯಾಲಯವು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಡಿಜಿಟಲ್ ಸೇವೆಗಳ ಪ್ರವೇಶವನ್ನು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿಗೇ ಸೇರಿಸಿ ತೀರ್ಪಿತ್ತಿದೆ. ಕಾಯಿದೆ ಇಷ್ಟು ದೂರ ಬಂದಿದೆ. ಆದರೆ ತಮ್ಮನು ಅಕ್ಕನಿಗೆ ಹೇಗೆ ಬರೆಯಬೇಕೆಂಬುದನ್ನು ಯಾವ ಕಾಯಿದೆಯೂ ವಿಧಿಸಲಾರದು. ಅದನ್ನು ಶಾಲೆಯಲ್ಲಿ ಕಲಿಸಬೇಕು. ಈ ತಾಲ್ಲೂಕುಗಳ ಕನ್ನಡ ಶಾಲೆಗಳ ಉಪಾಧ್ಯಾಯರು ಇಲ್ಲಿ ಬಂದಿದ್ದೀರಿ. ಮಕ್ಕಳಿಗೆ ಪತ್ರಲೇಖನವನ್ನು ಕಲಿಸುವ ಪಾಠದಲ್ಲಿ ಫೋನಿನ ಕನ್ನಡ ಕೀಲಿಮಣೆಯನ್ನೂ ಸೇರಿಸಿಕೊಳ್ಳಿರೆಂದು ತಮ್ಮಲ್ಲಿ ವಿನಯದಿಂದ ಕೇಳಿಕೊಳ್ಳುತ್ತೇನೆ.

ಮಧ್ಯಾಹ್ನದ ಗೋಷ್ಠಿಯಲ್ಲಿ ದೃಷ್ಟಿಯಿಲ್ಲದ ಪ್ರತಿನಿಧಿಗಳು ತಮ್ಮ ತಮ್ಮ ಫೋನುಗಳಲ್ಲಿ ಓದಲಾಗದೆ ಉಳಿದ ಸಂದೇಶಗಳಲ್ಲಿ ತಮಗೆ ತೋರಿಸಬಹುದೆನಿಸಿದವನ್ನು ಮಾತ್ರ ಮುಂದಿಡುತ್ತಾರೆ. ತಂತ್ರಜ್ಞರು ಅವುಗಳಲ್ಲಿ ತೆಲುಗು ಲಿಪಿಯ ಕನ್ನಡವೆಷ್ಟು, ಇಂಗ್ಲಿಷ್ ಅಕ್ಷರದ ಕನ್ನಡವೆಷ್ಟು, ಬರಿಯ ಚಿತ್ರಗಳೆಷ್ಟು ಎಂದು ವಿಂಗಡಿಸಿ, ನಾನು ಸೂಚಿಸಿದ 128ರ ಸಂಕಲನವನ್ನು ಮೊದಲನೆಯ ವರ್ಗದ ಮೇಲೆ ಇಂದೇ ಪ್ರಯೋಗಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಅದರಲ್ಲಿ ಎಷ್ಟು ಸಾಲುಗಳು ಕಿವಿಗೆ ಕನ್ನಡವಾಗಿ ಬಂದುವೆಂಬುದನ್ನು ಓದುಗರ ಬಾಯಿಂದಲೇ ಕೇಳಿ, ನಾಳೆಯ ಸಮಾರೋಪದ ಮುಂಚೆ ಈ ಸಭೆಗೆ ತಿಳಿಸಬೇಕು.