ಆಟದ ಅಭಿಮಾನಿಗೆ ಅತಿ ಕೆಟ್ಟ ಊರು ಯಾವುದು?

(ಗಿರಣಿ ಕೆಲಸಗಾರರ ಕ್ರೀಡಾ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕಬಡ್ಡಿ, ವಾಲಿಬಾಲ್ ಆಡುವವರ ಸಭೆಯಲ್ಲಿ ಪಕ್ಷದವರಿಗೇನು ಕೆಲಸ ಎಂದು ಕೆಲವರು ಕೇಳಿದರಂತೆ. ಆಟದಲ್ಲಿ ರಾಜಕೀಯ ಬೇಡ ಎಂಬುದು ಅವರ ವಾದ. ಬೇಡವೆಂದೇ ನಾವೂ ಹೇಳುತ್ತೇವೆ. ಆದರೆ ಆಟದೊಳಗೆ ಹಣ ಹೊಕ್ಕರೆ ಅದರ ಹಿಂದೆಯೇ ಒಡೆತನ ಬರುತ್ತದೆ. ಒಡೆತನ ಬಂದ ಮೇಲೆ ಬೆವರು ಯಾರದು, ಬೆಳೆ ಯಾರದು ಎಂದು ಕೇಳಲೇಬೇಕಾಗುತ್ತದೆ. ಅಷ್ಟನ್ನು ಕೇಳಿ ಕೂತುಬಿಡುತ್ತೇವೆ.

ಪ್ರಶ್ನೆ ಸರಳವಾದದ್ದು. ಆಟದ ಹುಚ್ಚಿರುವ ಮನುಷ್ಯ ಈ ಲೋಕದಲ್ಲಿ ಯಾವ ಊರಿನಲ್ಲಿ ಹುಟ್ಟಬಾರದು?

ಯಾವ ಊರಿನ ತಂಡ ಸದಾ ಸೋಲುತ್ತದೆಯೋ ಅಲ್ಲಿ ಎಂದು ನೀವು ತಟ್ಟನೆ ಹೇಳುವಿರಿ. ಅಮೇರಿಕದ ಬಫೆಲೋ ಎಂಬ ಊರನ್ನು ನೋಡಿ. ಅದು ಉಕ್ಕಿನ ಕೆಲಸಗಾರರ ಊರು. ಪಕ್ಕದ ಲಾಕವಾನದ ದೊಡ್ಡ ಉಕ್ಕಿನ ಕಾರ್ಖಾನೆಯ ಬಹುಭಾಗ ೧೯೮೩ರಲ್ಲಿ ಮುಚ್ಚಿತು. ಕುಲುಮೆ ಆರಿದ ಊರಿಗೆ ಉಳಿದದ್ದು ಒಂದು ಫುಟ್‌ಬಾಲ್ ತಂಡ. ಇದು ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೇರಿಕನ್ನರ ಆಟ. ಆ ತಂಡ ೧೯೯೧ರಿಂದ ೧೯೯೪ರವರೆಗೆ ನಾಲ್ಕು ವರ್ಷ ಸಾಲಾಗಿ ಕೊನೆಯ ಪಂದ್ಯದವರೆಗೆ ಹೋಯಿತು, ನಾಲ್ಕನ್ನೂ ಸೋತಿತು. ಮೊದಲನೆಯದು ಒಂದೇ ಒಂದು ಅಂಕದಿಂದ ಕೈತಪ್ಪಿತು. ಆದರೂ ಆ ಊರಿನವರು ಹಿಮ ಬೀಳುವ ಚಳಿಯಲ್ಲಿ ಬಯಲಲ್ಲಿ ಕುಳಿತು ತಮ್ಮ ತಂಡಕ್ಕಾಗಿ ಕೂಗುವುದನ್ನು ಬಿಟ್ಟಿಲ್ಲ. ಸೋಲು ಅಭಿಮಾನವನ್ನು ಕೊಲ್ಲಲಾರದು. ಸೋತ ತಂಡಕ್ಕೆ ಮುಂದಿನ ವರ್ಷ ಎಂಬುದೊಂದು ಇರುತ್ತದೆ.

ಆ ಮುಂದಿನ ವರ್ಷವನ್ನೇ ಕಸಿದುಕೊಂಡ ಊರೊಂದಿದೆ. ಅದು ಕ್ಯಾಲಿಫೋರ್ನಿಯದ ಓಕ್ಲೆಂಡ್.

ಓಕ್ಲೆಂಡ್ ಹಡಗುಕಟ್ಟೆಯ ಊರು, ಹಮಾಲರ ಮತ್ತು ರೈಲ್ವೆ ಕೆಲಸಗಾರರ ಊರು. ೧೯೪೬ರ ಡಿಸೆಂಬರಿನಲ್ಲಿ ಅಂಗಡಿಗಳಲ್ಲಿ ದುಡಿಯುವ ಹೆಂಗಸರ ಮುಷ್ಕರಕ್ಕೆ ಬೆಂಬಲವಾಗಿ ಇಡೀ ನಗರವೇ ಕೆಲಸ ನಿಲ್ಲಿಸಿತ್ತು. ಇಂಥ ಊರಿನಲ್ಲಿ ಮೂರು ದೊಡ್ಡ ತಂಡಗಳಿದ್ದವು: ಫುಟ್‌ಬಾಲಿಗೆ ರೈಡರ್ಸ್, ಬ್ಯಾಸ್ಕೆಟ್‌ಬಾಲಿಗೆ ವಾರಿಯರ್ಸ್, ಬೇಸ್‌ಬಾಲಿಗೆ ಅಥ್ಲೆಟಿಕ್ಸ್. ಗೆಲುವಿಗೇನೂ ಬರವಿರಲಿಲ್ಲ. ಅಥ್ಲೆಟಿಕ್ಸ್ ೧೯೭೨, ೭೩, ೭೪ರಲ್ಲಿ ಸಾಲಾಗಿ ಮತ್ತು ೧೯೮೯ರಲ್ಲಿ ಅಮೇರಿಕದ ಅತ್ಯುನ್ನತ ಗೆಲುವು ಪಡೆಯಿತು. ವಾರಿಯರ್ಸ್ ೨೦೧೫, ೨೦೧೭, ೨೦೧೮ರಲ್ಲಿ ಗೆದ್ದಿತು. ಇಂದು ಆ ಊರಿನಲ್ಲಿ ಮೂರರಲ್ಲಿ ಒಂದೂ ಇಲ್ಲ.

ಅವು ಹೇಗೆ ಹೋದವು ಎಂಬುದನ್ನು ಗಮನವಿಟ್ಟು ಕೇಳಿ.

ರೈಡರ್ಸ್ ಒಡೆಯರು ೧೯೮೨ರಲ್ಲಿ ಒಮ್ಮೆ ಲಾಸ್ ಏಂಜಲೀಸಿಗೆ ಹೊರಟರು. ಸಾರ್ವಜನಿಕ ಹಿತಕ್ಕಾಗಿ ಜಮೀನನ್ನು ವಶಪಡಿಸಿಕೊಳ್ಳುವಂತೆ ತಂಡವನ್ನೂ ವಶಪಡಿಸಿಕೊಳ್ಳುತ್ತೇವೆ ಎಂದು ನಗರಸಭೆ ನ್ಯಾಯಾಲಯದ ಮೆಟ್ಟಿಲೇರಿತು. ಕಡೆಗೆ ನ್ಯಾಯಾಲಯ ಅದಕ್ಕೆ ಒಪ್ಪಲಿಲ್ಲ. ೧೯೯೫ರಲ್ಲಿ ತಂಡ ಹಿಂದಿರುಗಿತು, ಬರಿಗೈಯಲ್ಲಿ ಅಲ್ಲ, ಬೇಡಿಕೆಗಳ ಪಟ್ಟಿಯೊಂದಿಗೆ. ಅವರಿಗಾಗಿ ಕ್ರೀಡಾಂಗಣವನ್ನು ದೊಡ್ಡದು ಮಾಡಲು ನಗರವೂ ಜಿಲ್ಲೆಯೂ ಸುಮಾರು ೨೦ ಕೋಟಿ ಡಾಲರ್ ಸಾಲ ಎತ್ತಿದವು. ಸೀಟುಗಳ ಮಾರಾಟದಿಂದ ಸಾಲ ತೀರುತ್ತದೆಂದು ಹೇಳಿದ್ದರು. ಸೀಟು ಮಾರಲಿಲ್ಲ, ಸಾಲ ತೆರಿಗೆದಾರರ ತಲೆಯ ಮೇಲೆ ಬಂತು. ೨೦೨೦ರಲ್ಲಿ ತಂಡ ಲಾಸ್ ವೇಗಸ್ಸಿಗೆ ಹೊರಟೇಹೋಯಿತು. ಅಲ್ಲಿ ಹೋಟೆಲು ಕೋಣೆಗಳ ತೆರಿಗೆಯಿಂದ ೭೫ ಕೋಟಿ ಡಾಲರ್ ಕಾದಿತ್ತು. ತಂಡ ಹೋದ ಮೇಲೂ ಓಕ್ಲೆಂಡಿನವರು ಹಳೆಯ ಸಾಲದ ಕಂತು ಕಟ್ಟುತ್ತಲೇ ಇದ್ದರು. ಉಂಡೂ ಹೋದ, ಕೊಂಡೂ ಹೋದ ಎಂದರೆ ಇದೇ.

ವಾರಿಯರ್ಸ್ ೨೦೧೯ರಲ್ಲಿ ಕೊಲ್ಲಿಯ ಆಚೆಯ ಸಾನ್ ಫ್ರಾನ್ಸಿಸ್ಕೋಗೆ, ಹೆಚ್ಚು ಹಣವಂತರಿರುವ ಕಡೆಗೆ, ದಾಟಿಕೊಂಡಿತು.

ಉಳಿದದ್ದು ಅಥ್ಲೆಟಿಕ್ಸ್. ಅದರ ಧಣಿಗಳು ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಬೇರೆ ತಂಡಗಳಿಗೆ ಸಾಗಹಾಕಿದರು, ಟಿಕೆಟ್ಟಿನ ದರ ಏರಿಸಿದರು. ತಂಡ ೨೦೨೩ರಲ್ಲಿ ೧೧೨ ಪಂದ್ಯ ಸೋತಿತು. ಜನ ಬರುವುದು ಕಡಿಮೆಯಾಯಿತು. ನೋಡಿ, ಜನರೇ ಬರುತ್ತಿಲ್ಲ, ನಾವು ಊರು ಬಿಡುತ್ತೇವೆ ಎಂದರು. ಗಿರಣಿಯಲ್ಲಿ ಇದನ್ನು ಕಂಡವರು ಇಲ್ಲಿ ಎಷ್ಟೋ ಜನ ಇದ್ದೀರಿ. ಯಂತ್ರಕ್ಕೆ ಎಣ್ಣೆ ಹಾಕದೆ, ಹತ್ತಿ ತರಿಸದೆ, ಆಮೇಲೆ ಉತ್ಪಾದನೆ ಇಳಿಯಿತು ಎಂದು ಬೀಗ ಹಾಕುವ ವಿದ್ಯೆ ಹೊಸದಲ್ಲ.

ಅಭಿಮಾನಿಗಳು ಸುಮ್ಮನಿರಲಿಲ್ಲ. ೨೦೨೩ರ ಜೂನ್ ೧೩ರಂದು ಬಹಿಷ್ಕಾರವನ್ನು ತಿರುವುಮುರುವು ಮಾಡಿದರು: ದೂರ ಉಳಿಯುವ ಬದಲು ತುಂಬಿಕೊಂಡು ಬಂದರು. ೨೭,೭೫೯ ಜನ ಸೇರಿ, ತಂಡವನ್ನು ಮಾರಿಬಿಡು ಎಂದು ಧಣಿಗೆ ಕೇಳುವಂತೆ ಕೂಗಿದರು. ಆ ದಿನ ತಂಡವೂ ಗೆದ್ದಿತು. ಅದೇ ವಾರ ನೆವಾಡ ರಾಜ್ಯದ ಶಾಸನಸಭೆ, ಲಾಸ್ ವೇಗಸ್ಸಿನಲ್ಲಿ ಈ ತಂಡಕ್ಕೆ ಕ್ರೀಡಾಂಗಣ ಕಟ್ಟಲು ೩೮ ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣವನ್ನು ಮಂಜೂರು ಮಾಡಿತು. ನವೆಂಬರಿನಲ್ಲಿ ಉಳಿದ ತಂಡಗಳ ಒಡೆಯರೆಲ್ಲ ಒಮ್ಮತದಿಂದ ಸ್ಥಳಾಂತರಕ್ಕೆ ಕೈಯೆತ್ತಿದರು. ಆ ಸಭೆಯಲ್ಲಿ ಅಭಿಮಾನಿಗೆ ಒಂದು ಮತವೂ ಇರಲಿಲ್ಲ. ೨೦೨೪ರ ಸೆಪ್ಟೆಂಬರ್ ೨೬ರಂದು ಓಕ್ಲೆಂಡಿನಲ್ಲಿ ಕೊನೆಯ ಪಂದ್ಯ ನಡೆಯಿತು. ಅಂದು ಕ್ರೀಡಾಂಗಣ ತುಂಬಿತ್ತು.

ಇದು ಒಂದೇ ಊರಿನ ದುರದೃಷ್ಟ ಎಂದು ತಿಳಿಯಬೇಡಿ. ನ್ಯೂಯಾರ್ಕಿನ ಬ್ರೂಕ್ಲಿನ್ ಜನ ದಶಕಗಟ್ಟಲೆ ಕಾದು ೧೯೫೫ರಲ್ಲಿ ತಮ್ಮ ಡಾಡ್ಜರ್ಸ್ ತಂಡದ ಗೆಲುವನ್ನು ಕಂಡರು. ಎರಡೇ ವರ್ಷಕ್ಕೆ ಅದನ್ನು ಕ್ಯಾಲಿಫೋರ್ನಿಯಕ್ಕೆ ಕೊಂಡೊಯ್ದರು. ಬಾಲ್ಟಿಮೋರಿನ ಕೋಲ್ಟ್ಸ್ ತಂಡದ ಕಥೆ ಇನ್ನೂ ನಾಚಿಕೆಗೇಡು. ೧೯೮೪ರ ಮಾರ್ಚ್ ೨೮ರ ರಾತ್ರಿ, ರಾಜ್ಯದ ಶಾಸನಸಭೆ ತಂಡವನ್ನು ವಶಪಡಿಸಿಕೊಳ್ಳುವ ಕಾನೂನು ತರುತ್ತಿದೆ ಎಂದು ತಿಳಿದ ಒಡೆಯ, ಲಾರಿಗಳನ್ನು ತರಿಸಿ ಬೆಳಗಾಗುವುದರೊಳಗೆ ಸಾಮಾನೆಲ್ಲ ಹೇರಿಸಿ ಇಂಡಿಯಾನಾಪೊಲಿಸಿಗೆ ಸಾಗಿಸಿದ. ತಂಡದ ಬ್ಯಾಂಡಿನವರ ಸಮವಸ್ತ್ರ ಆ ರಾತ್ರಿ ಬಟ್ಟೆ ಒಗೆಯುವ ಅಂಗಡಿಯಲ್ಲಿದ್ದುದರಿಂದ ಉಳಿದುಕೊಂಡಿತು. ಆ ಬ್ಯಾಂಡಿನವರು ತಂಡವಿಲ್ಲದೆಯೂ ಹನ್ನೆರಡು ವರ್ಷ ಬಾರಿಸಿದರು!

ಆಮೇಲೆ ಬಾಲ್ಟಿಮೋರಿಗೆ ತಂಡ ಬಂತು. ಎಲ್ಲಿಂದ ಬಂತು? ಕ್ಲೀವ್‌ಲ್ಯಾಂಡ್ ಎಂಬ ಇನ್ನೊಂದು ಕಾರ್ಖಾನೆ ಊರಿನಿಂದ ಎತ್ತಿ ತಂದದ್ದು. ತಂಡ ಹೋಗುತ್ತದೆಂದು ೧೯೯೫ರ ನವೆಂಬರ್ ೬ರಂದು ಒಡೆಯ ಸಾರಿದ. ಮರುದಿನವೇ ಆ ಊರಿನ ಮತದಾರರು ಅದೇ ತಂಡದ ಕ್ರೀಡಾಂಗಣದ ರಿಪೇರಿಗೆ ತೆರಿಗೆ ಕೊಡಲು ಮತ ಹಾಕಿದರು. ಆದರೂ ತಂಡ ಹೋಯಿತು. ಒಂದು ಊರಿನ ಗಾಯಕ್ಕೆ ಇನ್ನೊಂದು ಊರಿನ ಚರ್ಮ ಸುಲಿದು ಮದ್ದು ಮಾಡಿದರು. ಕ್ಲೀವ್‌ಲ್ಯಾಂಡಿನವರು ನ್ಯಾಯಾಲಯದಲ್ಲಿ ಹೋರಾಡಿ ತಂಡದ ಹೆಸರು, ಬಣ್ಣ, ದಾಖಲೆಗಳನ್ನಾದರೂ ಉಳಿಸಿಕೊಂಡರು. ೧೯೯೯ರಲ್ಲಿ ಅದೇ ಹೆಸರಿನಲ್ಲಿ ಹೊಸ ತಂಡ ಪಡೆದರು.

ಈ ವ್ಯಾಪಾರದ ಗುಟ್ಟೇನು? ಪೇಟೆಯ ಮಿತ್ರರಿಗೆ ಬೇಗ ಅರ್ಥವಾದೀತು. ಎಷ್ಟು ತಂಡಗಳಿರಬೇಕು ಎಂಬುದನ್ನು ತಂಡಗಳ ಒಡೆಯರೇ ಸೇರಿ ಗೊತ್ತುಮಾಡುತ್ತಾರೆ. ಊರುಗಳು ಹೆಚ್ಚು, ತಂಡಗಳು ಕಡಿಮೆ. ಸರಕನ್ನು ಬೇಕೆಂದೇ ಕಡಿಮೆ ಇಟ್ಟು ದರ ಏರಿಸುವುದು ಕಾಳಸಂತೆಯ ಹಳೆಯ ಪಾಠ. ಒಂದೊಂದು ಊರೂ ಇನ್ನೊಂದು ಊರಿಗಿಂತ ಹೆಚ್ಚು ಕೊಡುತ್ತೇನೆಂದು ಹರಾಜು ಕೂಗುತ್ತದೆ. ಕೂಗುವವರು ನಗರದ ಮುಖಂಡರು, ಕಟ್ಟುವವರು ತೆರಿಗೆದಾರರು, ಜೇಬಿಗಿಳಿಸುವವರು ಒಡೆಯರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ನಮ್ಮ ದೇಶಕ್ಕೂ ಈ ಪದ್ಧತಿ ೨೦೦೮ರಲ್ಲಿ ಐಪಿಎಲ್ ರೂಪದಲ್ಲಿ ಬಂತು. ಊರುಗಳ ಹೆಸರನ್ನು ಹರಾಜಿಗಿಟ್ಟರು. ಬೆಂಗಳೂರಿನ ತಂಡವನ್ನು ಮದ್ಯದ ಕಂಪನಿಯವರು ೧೧ ಕೋಟಿ ೧೬ ಲಕ್ಷ ಡಾಲರಿಗೆ ಹಿಡಿದರು. ಹೆಸರಿನಲ್ಲಿ ಊರಿದೆ, ಒಡೆತನದಲ್ಲಿ ಊರಿಲ್ಲ. ಕೊಚ್ಚಿಯ ತಂಡ ೨೦೧೧ರಲ್ಲಿ ಒಂದೇ ಋತು ಆಡಿ ರದ್ದಾಯಿತು. ಹಣದ ತಗಾದೆ ಮೇಲಿನವರದು, ತಂಡ ಕಳೆದುಕೊಂಡವರು ಕೆಳಗಿನವರು. ಬೆಂಗಳೂರಿನ ತಂಡ ಹದಿನೆಂಟನೆಯ ಋತುವಿನಲ್ಲಿ, ೨೦೨೫ರ ಜೂನ್ ೩ರಂದು, ಮೊದಲ ಸಲ ಗೆದ್ದಿತು. ಮರುದಿನ ವಿಜಯೋತ್ಸವಕ್ಕೆಂದು ಬಂದ ಜನಸಾಗರ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಹನ್ನೊಂದು ಜೀವ ಹೋಯಿತು. ಗೆಲುವಿಗಾಗಿ ಹದಿನೆಂಟು ವರ್ಷ ಕಾದವರಿಗೆ ಗೇಟಿನ ಬಳಿ ಸುರಕ್ಷಿತವಾಗಿ ನಿಲ್ಲಲು ಜಾಗವಿರಲಿಲ್ಲ. ಗೆದ್ದ ಊರೂ ಅಭಿಮಾನಿಗೆ ಕೆಟ್ಟ ಊರಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದುಃಖದ ಸಾಕ್ಷಿ ಬೇಡ.

ಹಾಗಾದರೆ ಬೇರೆ ದಾರಿಯೇ ಇಲ್ಲವೆ? ಇದೆ. ಅಮೇರಿಕದಲ್ಲಿಯೇ ಇದೆ. ಗ್ರೀನ್ ಬೇ ಎಂಬುದು ಸುಮಾರು ಒಂದು ಲಕ್ಷ ಜನರ ಸಣ್ಣ ಊರು. ೧೯೧೯ರಲ್ಲಿ ಮಾಂಸವನ್ನು ಡಬ್ಬಿಗೆ ತುಂಬುವ ಕಂಪನಿಯೊಂದು ಅಲ್ಲಿನ ಹುಡುಗರಿಗೆ ಆಟದ ಉಡುಪಿಗೆಂದು ಹಣ ಕೊಟ್ಟಿತು. ತಂಡಕ್ಕೆ ಪ್ಯಾಕರ್ಸ್ ಎಂಬ ಹೆಸರು ಅದರಿಂದಲೇ ಬಂತು. ಕಂಪನಿ ಬೇಗನೆ ಬೇರೆಯವರ ಕೈಸೇರಿತು. ತಂಡ ಮುಳುಗುವ ಹೊತ್ತಿಗೆ, ೧೯೨೩ರಲ್ಲಿ, ಊರಿನ ವ್ಯಾಪಾರಿಗಳು ಮುಂದೆ ನಿಂತು ಐದೈದು ಡಾಲರಿನ ಷೇರು ಮಾರಿ ಅದನ್ನು ಊರಿನ ಸ್ವತ್ತು ಮಾಡಿದರು. ಇಂದು ಅದಕ್ಕೆ ಐದು ಲಕ್ಷಕ್ಕೂ ಹೆಚ್ಚು ಪಾಲುದಾರರು. ಲಾಭಾಂಶ ಯಾರಿಗೂ ಇಲ್ಲ, ತಂಡವನ್ನು ಮಾರಿ ದುಡ್ಡು ಮಾಡಿಕೊಳ್ಳುವಂತಿಲ್ಲ. ಅಲ್ಲಿಯೂ ಕ್ರೀಡಾಂಗಣಕ್ಕೆ ಜನರಿಂದ ತೆರಿಗೆ ಎತ್ತಿದ್ದುಂಟು. ಸಾಮಾನ್ಯ ಪಾಲುದಾರನ ಮಾತು ದಿನನಿತ್ಯ ನಡೆಯುವುದೂ ಇಲ್ಲ. ಅದನ್ನು ಸ್ವರ್ಗವೆಂದು ನಾವು ಹೇಳುವುದಿಲ್ಲ. ಆದರೆ ಆ ತಂಡ ರಾತ್ರೋರಾತ್ರಿ ಲಾರಿ ಹತ್ತಲಾರದು. ಇಂಥ ಇನ್ನೊಂದು ತಂಡ ಹುಟ್ಟದಂತೆ ಆ ಒಡೆಯರ ಕೂಟ ನಿಯಮ ಮಾಡಿಕೊಂಡಿದೆ ಎಂದರೆ, ಅವರ ಭಯ ಎಲ್ಲಿದೆಯೆಂದು ತಿಳಿಯಿರಿ.

ಜರ್ಮನಿಯಲ್ಲಿ ೧೯೯೮ರಿಂದ ಒಂದು ನಿಯಮವಿದೆ. ಒಂದೆರಡು ಅಪವಾದ ಬಿಟ್ಟರೆ, ದೊಡ್ಡ ಫುಟ್‌ಬಾಲ್ ತಂಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತಾಧಿಕಾರ ಸಂಘದ ಸದಸ್ಯರ ಕೈಯಲ್ಲೇ ಇರಬೇಕು. ಲೀಗಿನ ಆದಾಯದ ಪಾಲನ್ನು ಹೊರಗಿನ ಬಂಡವಾಳಗಾರರಿಗೆ ಮಾರಲು ಹೊರಟಾಗ ಅಭಿಮಾನಿಗಳು ವಾರಗಟ್ಟಲೆ ಮೈದಾನಕ್ಕೆ ಟೆನ್ನಿಸ್ ಚೆಂಡುಗಳನ್ನು ಎಸೆದು ಪಂದ್ಯ ನಿಲ್ಲಿಸಿದರು. ೨೦೨೪ರ ಫೆಬ್ರವರಿಯಲ್ಲಿ ಆ ಯೋಜನೆ ಕೈಬಿಟ್ಟಿತು.

ಇಂಗ್ಲೆಂಡಿನ ವಿಂಬಲ್ಡನ್ ಫುಟ್‌ಬಾಲ್ ತಂಡವನ್ನು ಮಿಲ್ಟನ್ ಕೀನ್ಸ್ ಎಂಬ ಹೊಸ ಊರಿಗೆ ಒಯ್ಯಲು ೨೦೦೨ರಲ್ಲಿ ಅಪ್ಪಣೆಯಾಯಿತು. ಅಭಿಮಾನಿಗಳು ಅತ್ತು ಮನೆಗೆ ಹೋಗಲಿಲ್ಲ. ಅದೇ ಬೇಸಿಗೆಯಲ್ಲಿ ತಮ್ಮದೇ ಸಂಘ ಕಟ್ಟಿ, ಊರ ಬಯಲಿನಲ್ಲಿ ಆಟಗಾರರನ್ನು ಆರಿಸಿ, ಒಂಬತ್ತನೆಯ ದರ್ಜೆಯಿಂದ ಆಟ ಶುರು ಮಾಡಿದರು. ೨೦೧೧ರಲ್ಲಿ ದೊಡ್ಡ ಲೀಗಿಗೆ ಏರಿದರು. ೨೦೨೦ರಲ್ಲಿ, ಅಭಿಮಾನಿಗಳೇ ಸಾಲಪತ್ರ ಕೊಂಡು ಕೂಡಿಸಿದ ಹಣವನ್ನೂ ಸೇರಿಸಿ, ತಮ್ಮ ಹಳೆಯ ಬೀದಿಯಲ್ಲೇ ಸ್ವಂತ ಕ್ರೀಡಾಂಗಣಕ್ಕೆ ಮರಳಿದರು.

ಇಷ್ಟು ದೂರದ ಕಥೆ ಈ ಸಭೆಗೇಕೆ? ಕಾರ್ಯಕ್ರಮ ಪಟ್ಟಿಯ ನಾಲ್ಕನೆಯ ಅಂಶ ನೋಡಿ. ಒಬ್ಬ ಧನಿಕರು ನಮ್ಮ ಕಬಡ್ಡಿ ತಂಡದ ಬನಿಯನ್ನು, ಬೂಟು, ಪ್ರಯಾಣದ ಖರ್ಚನ್ನೆಲ್ಲ ಕೊಡಲು ಮುಂದೆ ಬಂದಿದ್ದಾರೆ. ಅವರ ಉದಾರತೆಗೆ ನಮಸ್ಕಾರ. ಆದರೆ ತಂಡ ಅವರ ಹೆಸರಿನಲ್ಲಿ ರಿಜಿಸ್ಟರ್ ಆಗಬೇಕು, ಆಟಗಾರರ ಆಯ್ಕೆ ಅವರದಾಗಬೇಕು ಎಂಬ ಷರತ್ತೂ ಜೊತೆಗಿದೆ. ಹುಡುಗರ ಹರಿದ ಬನಿಯನ್ನನ್ನು ನಾವೂ ಕಂಡಿದ್ದೇವೆ. ಬಡತನದಲ್ಲಿ ಇಂಥ ಆಸೆ ತಪ್ಪಲ್ಲ. ಆದರೂ ನಮ್ಮ ಸಲಹೆ ಇದು: ದಾನ ಪಡೆಯಿರಿ, ರಶೀದಿ ಕೊಡಿ, ಬನಿಯನ್ನಿನ ಮೇಲೆ ಅವರ ಹೆಸರನ್ನೂ ಹಾಕಿ. ರಿಜಿಸ್ಟರ್ ಮಾತ್ರ ಸಂಘದ ಹೆಸರಿನಲ್ಲೇ ಇರಲಿ. ಆಯ್ಕೆ ಸಂಘದ ಸಮಿತಿಯದಾಗಲಿ. ಷರತ್ತು ಬಿಡಲು ಅವರು ಒಪ್ಪದಿದ್ದರೆ, ಸದಸ್ಯರು ಸಂಬಳದ ದಿನ, ಅಂಗಡಿಯವರು ಸಂತೆಯ ದಿನ ಕೈಲಾದಷ್ಟು ಚಂದಾ ಕೊಡುವುದೆಂದು ಈಗಲೇ ಗೊತ್ತುಮಾಡಿ. ಹನಿ ಹನಿಗೂಡಿದರೆ ಹಳ್ಳ.

ಅಭಿಮಾನಿಗೆ ಅತಿ ಕೆಟ್ಟ ಊರು ಯಾವುದೆಂದರೆ, ಚಪ್ಪಾಳೆಗೆ ಅವನು ಬೇಕಾಗಿ, ತೀರ್ಮಾನಕ್ಕೆ ಬೇಡವಾಗುವ ಊರು. ಅದು ಅಮೇರಿಕದಲ್ಲೇ ಇರಬೇಕೆಂದಿಲ್ಲ. ನಾಲ್ಕನೆಯ ಅಂಶದ ಮೇಲೆ ಕೈಯೆತ್ತುವಾಗ ಇಷ್ಟನ್ನು ನೆನಪಿನಲ್ಲಿಡಿ ಎಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.